ಕಂಡ ಕೂಡಲೇ ಇಳಿಯಬೇಕು

ಷರೀಫಾಬಾದ್
ಇಸ್ಫಂದ್ ತಿಂಗಳು, ಮೆಹ್ರ್ ದಿನ, ಹಿಜರಿ ಸೌರ ವರ್ಷ 1360

ಯದುಲ್ಲಾ,

ಲಕೋಟೆಯ ಮೇಲಿನ ಸೊಟ್ಟ ಅಕ್ಷರ ನೋಡಿದಾಗಲೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಗೊತ್ತಾಗದಿದ್ದರೆ ಕೇಳು, ನಾನು ಮೆಹ್ರಬಾನನ ತಾಯಿ ದೌಲತ್. ಬರುವ ವಸಂತಕ್ಕೆ ಅವನು ಹೋಗಿ ಹನ್ನೊಂದು ವರ್ಷ. ಓದು ಬರಹ ಅವನೇ ನನಗೆ ಕಲಿಸಿದ್ದು. ಆ ಅಕ್ಷರ ಹಿಡಿದು ನಿನಗೆ ಪತ್ರ ಬರೆಯುವ ಗತಿ ಬರುತ್ತದೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಿನ್ನ ಮೇಲಿನ ನನ್ನ ಸಿಟ್ಟು ಇಳಿದಿದೆ ಅಂತ ತಿಳಿಯಬೇಡ. ನೀನು ಜೋಡಿಸಿಕೊಟ್ಟ ಸೈಕಲ್ ಏರಿ ನನ್ನ ಮಗ ಮರಳುಗಾಡಿಗೆ ಹೋದ, ಅದು ದಾರಿಯಲ್ಲಿ ಕೆಟ್ಟಿತು, ಅವನು ಅದನ್ನು ತಳ್ಳಿಕೊಂಡು ಧೂಳಿನಲ್ಲಿ ನಡೆದು ನಡೆದು ಸತ್ತ. ಊರೆಲ್ಲರ ಎದುರು ಇದನ್ನು ನಿನ್ನ ಮುಖಕ್ಕೇ ಹೇಳಿದ್ದೆ. ನೀನು ತಲೆ ತಗ್ಗಿಸಿ ಹೌದೆಂದು ತಲೆಯಾಡಿಸಿದ್ದೆ. ಅದು ಹಾಗೇ ಇರಲಿ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮಗಳು ಫಿರೂಜೆಗೆ ಹತ್ತೊಂಬತ್ತು ತುಂಬಿತು. ಅವಳು ಎಂಟು ವರ್ಷದವಳಿದ್ದಾಗ ಜ್ವರ ಬಂದು ಕಣ್ಣು ಮೇಲೆ ಮಾಡಿಕೊಂಡಿದ್ದಳಲ್ಲ, ಅವಳ ಸಲುವಾಗಿಯೇ ಅಣ್ಣ ಹರಕೆ ಹೊತ್ತು ನಮ್ಮ ಜರತುಷ್ಟ್ರ ಮತದವರ ಬೆಟ್ಟದ ಪೀರನ ಗುಡಿಗೆ ಹೊರಟದ್ದು. ದೀಪಕ್ಕೆ ಒಂದು ಬಾಟಲಿ ಎಣ್ಣೆ, ಮರಕ್ಕೆ ಕಟ್ಟಲು ಒಂದು ತುಂಡು ಹಸಿರು ಬಟ್ಟೆ. ಇವಳು ಉಳಿದಳು, ಅವನು ಮುಟ್ಟಲಿಲ್ಲ. ಬಾಟಲಿ ಮಾತ್ರ ಒಡೆಯದೆ ಮನೆಗೆ ಬಂತು, ಇಂದಿಗೂ ಗೂಡಿನಲ್ಲಿ ಕೂತಿದೆ. ಈಗ ಈ ಹುಡುಗಿ ಹಟ ಹಿಡಿದಿದ್ದಾಳೆ. ‘ಅಣ್ಣ ಹೊತ್ತಿದ್ದನ್ನ ನಾನೇ ಮುಟ್ಟಿಸ್ತೀನಿ. ಸೈಕಲ್ ಮೇಲೆ ಹೊರಟ ಹರಕೆ ಸೈಕಲ್ ಮೇಲೇ ಹೋಗಬೇಕು’ ಅನ್ನುತ್ತಾಳೆ. ಬಸ್ಸುಗಳೆಲ್ಲ ಯುದ್ಧಕ್ಕೆ ಹೋಗಿವೆ, ಪೆಟ್ರೋಲಿಗೆ ಕೂಪನ್ನು. ಖುರ್ದಾದ್ ತಿಂಗಳ ಯಾತ್ರೆಗೆ ಊರಿನವರು ಟ್ರಾಕ್ಟರ್ ಕಟ್ಟಿಕೊಂಡು ಸುತ್ತುದಾರಿಯಲ್ಲಿ ಹೋಗುತ್ತಾರೆ. ಇವಳು ಕತ್ತೆದಾರಿಯಲ್ಲಿ, ನೆಟ್ಟಗೆ, ಒಬ್ಬಳೇ.

ಬೈದೆ, ಅತ್ತೆ, ಎರಡು ದಿನ ಮಾತು ಬಿಟ್ಟೆ. ಯಾವುದೂ ನಾಟಲಿಲ್ಲ. ಆದ್ದರಿಂದ ಕೇಳುತ್ತಿದ್ದೇನೆ, ಆ ಧೂಳಿನಲ್ಲಿ ಕೆಡದ ಸೈಕಲ್ ಯಾವುದು? ಯಜ್ದ್ ಪಟ್ಟಣದಲ್ಲಿ ನಿನಗಿಂತ ಹೆಚ್ಚು ತಿಳಿದವರಿದ್ದರೆ ಅವರನ್ನೇ ಕೇಳುತ್ತಿದ್ದೆ. ನನಗೆ ಇನ್ನು ಇರುವುದು ಇವಳೊಬ್ಬಳೇ.

ದೌಲತ್

*

ಯಜ್ದ್
25 ಇಸ್ಫಂದ್ 1360

ದೌಲತ್ ಅಮ್ಮನವರಿಗೆ ಯದುಲ್ಲಾನ ಸಲಾಮುಗಳು.

ನಿಮ್ಮ ಪತ್ರವನ್ನು ಅಂಗಡಿಯ ಬಾಗಿಲು ಎಳೆದುಕೊಂಡು ಓದಿದೆ. ಎದುರಿನ ಬ್ರೆಡ್ಡಿನವನು ‘ಏನಯ್ಯಾ, ಹಾಡುಹಗಲೇ ಬಾಗಿಲು ಹಾಕ್ಕೊಂಡಿದ್ದೀಯ, ಮದುವೆ ಗಿದುವೆ ಆಗ್ತಿದ್ದೀಯೇನು?’ ಎಂದು ಕೂಗಿದ. ನಾನು ಮತ್ತೆ ಮೊದಲಿನಿಂದ ಓದಿದೆ.

ಅಮ್ಮ, ಫಿರೂಜೆಯನ್ನು ಟ್ರಾಕ್ಟರಿನಲ್ಲೇ ಕಳಿಸಿ. ಕೈಮುಗಿದು ಕೇಳುತ್ತೇನೆ. ಆಗುವುದೇ ಇಲ್ಲವೆಂದರೆ ಸೈಕಲ್ಲಿನ ಮಾತು ಹೇಳುತ್ತೇನೆ.

ಈಗಿನ ಹುಡುಗರು ಕುಣಿಯುವ ಗೇರಿನ ಸೈಕಲ್ ಬೇಡವೇ ಬೇಡ. ಗೇರೆಲ್ಲ ಬಯಲಿಗೆ ಬಿದ್ದಿರುತ್ತದೆ, ಒಂದು ಗಾಳಿಗೆ ಮಣ್ಣು ಕಚ್ಚಿ ಕೂರುತ್ತದೆ. ಟಯರು ಬೆರಳಿನಷ್ಟು ಸಣ್ಣ, ಮೆತ್ತನೆ ಮರಳಿಗೆ ಇಳಿದರೆ ಅಲ್ಲೇ ಹೂತುಹೋಗುತ್ತದೆ. ಹೊಸದಾಗಿ ಬರುತ್ತಿರುವ ಹಗುರ ಸೈಕಲ್ ನೋಡಲು ಚೆಂದ, ಆದರೆ ಅದರ ಚೈನಿಗೆ ಅರ್ಧ ಕವರು ಮಾತ್ರ. ಅರ್ಧ ಕವರು ಅಂದರೆ ಧೂಳಿಗೆ ಬಾಗಿಲು ತೆಗೆದಿಟ್ಟ ಹಾಗೆ. ಲೇಡೀಸ್ ಸೈಕಲ್ ಕೊಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಮೇಲಿನ ಅಡ್ಡಪಟ್ಟಿ ಇಲ್ಲದ ಸೈಕಲ್ ಕಲ್ಲುದಾರಿಯಲ್ಲಿ ಹಾವಿನಂತೆ ನುಲಿಯುತ್ತದೆ. ನಿಮ್ಮ ಕಡೆಯ ಹೆಂಗಸರು ಹೇಗೂ ಷಲ್ವಾರ್ ತೊಡುತ್ತೀರಿ, ತೊಂದರೆಯಿಲ್ಲ.

ಬೇಕಾದದ್ದು ಹಳೇ ಕಾಲದ, ಇಪ್ಪತ್ತೆಂಟು ಇಂಚಿನ ಚಕ್ರದ ಸೈಕಲ್. ಭಾರ, ಕಪ್ಪು, ಮೊಂಡು. ದೊಡ್ಡ ಚಕ್ರ ಹಳ್ಳದಿಣ್ಣೆ ಲೆಕ್ಕಿಸುವುದಿಲ್ಲ. ಚೈನಿಗೆ ಪೂರ್ತಿ ತಗಡಿನ ಕವರು ಇರಬೇಕು. ಚೈನಿಗೆ ಎಣ್ಣೆ ಹಾಕಬಾರದು. ನಾವು ಸೈಕಲ್ಲಿನವರು ಹುಡುಗರಿಗೆ ಕಲಿಸುವ ಮೊದಲ ಪಾಠ ಇದು, ಎಣ್ಣೆ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಮೇಣದ ಬತ್ತಿ ಉಜ್ಜಿದರೆ ಸಾಕು. ಟಯರು ಅಗಲದ್ದಿರಲಿ. ಮರಳು ಬಂದ ಕಡೆ ಸ್ವಲ್ಪ ಗಾಳಿ ಬಿಡಬೇಕು, ಗಟ್ಟಿ ನೆಲ ಬಂದಾಗ ಪಂಪು ಹೊಡೆಯಬೇಕು. ಒಂಟೆಮುಳ್ಳಿಗೆ ಎರಡು ಟ್ಯೂಬು ಹೆಚ್ಚಿಗೆ.

ಇನ್ನೊಂದು ಮಾತು. ತುಳಿಯುವಾಗ ಹಿಂದಿನ ಚಕ್ರದ ಹಲ್ಲುಬಿಲ್ಲೆ, ಅಂದರೆ ಫ್ರೀವೀಲ್, ಸುಮ್ಮನಿರುತ್ತದೆ. ತುಳಿಯುವುದು ನಿಲ್ಲಿಸಿದಾಗ, ಇಲ್ಲವೇ ಇಳಿದು ತಳ್ಳಿಕೊಂಡು ನಡೆದಾಗ, ಟಿಕ್ ಟಿಕ್ ಎನ್ನುತ್ತದೆ. ಆ ಸದ್ದು ಆರೋಗ್ಯದ ಸದ್ದು. ಸದ್ದು ನಿಂತರೆ ಒಳಗೆ ಮಣ್ಣು ಹೊಕ್ಕು ಹಲ್ಲು ಕಚ್ಚಿಕೊಂಡಿದೆ ಎಂದರ್ಥ. ಆಮೇಲೆ ಪೆಡಲು ಸುಮ್ಮನೆ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ.

ಅವಳ ಸೊಂಟದಿಂದ ಹಿಮ್ಮಡಿಯವರೆಗೆ ಒಂದು ದಾರ ಹಿಡಿದು ಕತ್ತರಿಸಿ, ದಾರವನ್ನೇ ಲಕೋಟೆಯಲ್ಲಿಟ್ಟು ಕಳಿಸಿ. ಸೀಟಿನ ಎತ್ತರ ಅದರಿಂದ ಗೊತ್ತಾಗುತ್ತದೆ.

ನಿಮ್ಮ ಕೈಗೆ ಮುತ್ತಿಡುವ,
ಯದುಲ್ಲಾ

*

ಷರೀಫಾಬಾದ್
ಫರ್ವರ್ದೀನ್ ತಿಂಗಳು, ರಾಮ್ ದಿನ, 1361

ಯದುಲ್ಲಾ,

ಎರಡು ಪುಟ ಬರೆದಿದ್ದೀಯ. ಗೇರು, ಕವರು, ಟ್ಯೂಬು, ಮೇಣದ ಬತ್ತಿ. ಹೊಸ ವರ್ಷದ ಹಬ್ಬಕ್ಕೆ ಬಂದವರಿಗೆಲ್ಲ ಓದಿ ಹೇಳಿದೆ. ನನ್ನ ಓರಗಿತ್ತಿ ‘ಇವ್ನು ಸೈಕಲ್ ಮಾರ್ತಾನೋ, ಸೈಕಲ್‌ಗೆ ಹೆಣ್ಣು ನೋಡ್ತಾನೋ?’ ಅಂತ ನಕ್ಕಳು. ನನಗೆ ನಗು ಬರಲಿಲ್ಲ. ನಾನು ಹುಡುಕುತ್ತಿದ್ದ ಒಂದೇ ಒಂದು ಸಾಲು ಅದರಲ್ಲಿರಲಿಲ್ಲ.

ದಾರ ಇಟ್ಟಿದ್ದೇನೆ. ಅಳೆಯುವಾಗ ಇವಳು ಒಂದೇ ಸಮನೆ ಕುಣಿಯುತ್ತಿದ್ದಳು. ‘ಅಮ್ಮಾ, ನೀನು ಸೈಕಲ್‌ಗೆ ಅಳೀತಿದ್ದೀಯೋ, ಹೆಣದ ಬಟ್ಟೆಗೋ? ಮುಖ ಒಂಚೂರು ಸಡಿಲ ಬಿಡು’ ಅಂದಳು. ಕೆನ್ನೆಗೆ ಒಂದು ಕೊಟ್ಟೆ. ಆಮೇಲೆ ಇಬ್ಬರೂ ಅತ್ತೆವು.

ನಿನಗೆ ಒಂದು ವಿಷಯ ಹೇಳುತ್ತೇನೆ. ಯಾರಿಗೂ ಹೇಳಿಲ್ಲ, ಹೇಳಿದರೆ ಮುದುಕಿಗೆ ತಲೆ ಕೆಟ್ಟಿದೆ ಅನ್ನುತ್ತಾರೆ. ಗಾಳಿ ಎದ್ದು ಧೂಳು ಕವಿದ ದಿನ, ಮಧ್ಯಾಹ್ನದ ಹೊತ್ತಿಗೆ, ನಮ್ಮ ಓಣಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಬರುತ್ತಾರೆ. ಟಿಕ್ ಟಿಕ್, ಟಿಕ್ ಟಿಕ್. ಬಾಗಿಲವರೆಗೆ ಬರುತ್ತದೆ. ಒಳಗೆ ಬರುವುದಿಲ್ಲ. ಎದ್ದು ಹೋಗಿ ತೆಗೆದರೆ ಬರೀ ಧೂಳು. ನಾನೊಬ್ಬಳೇ ಕೇಳಿದ್ದರೆ ಕಿವಿಯ ದೋಷ ಅನ್ನಬಹುದಿತ್ತು. ಆದರೆ ನಾಯಿಯೂ ಏಳುತ್ತದೆ. ಬೊಗಳುವುದಿಲ್ಲ, ಬಾಲ ಆಡಿಸುತ್ತದೆ. ಮೆಹ್ರಬಾನ್ ಇದ್ದಾಗಿನ ನಾಯಿಯಲ್ಲ ಇದು, ಅದರ ಮೊಮ್ಮಗ. ಅವನನ್ನು ಇದು ನೋಡಿಯೇ ಇಲ್ಲ. ಊಟದಲ್ಲಿ ಮೊದಲ ತುತ್ತು ನಾಯಿಗೆ, ಸತ್ತವರ ಹೆಸರಿನಲ್ಲಿ ಹಾಕುತ್ತೇವಲ್ಲ, ಆ ತುತ್ತನ್ನೂ ಬಿಟ್ಟು ಏಳುತ್ತದೆ.

ಹಾಗಾಗಿ ನೇರವಾಗಿ ಕೇಳುತ್ತೇನೆ. ಅವತ್ತು ಆ ಸೈಕಲ್ಲಿನಲ್ಲಿ ಕೆಟ್ಟದ್ದೇನು? ಹನ್ನೊಂದು ವರ್ಷ ಕೇಳಲಿಲ್ಲ, ಈಗ ಕೇಳುತ್ತಿದ್ದೇನೆ. ಅದೇ ಇದರಲ್ಲೂ ಕೆಡಬಾರದು.

ಸೈಕಲ್ ಬಿಟ್ಟರೆ ಬೇರೆ ಹೆದರಿಕೆ ನನಗಿಲ್ಲ. ಮಿಕ್ಕದ್ದನ್ನೆಲ್ಲ ಅವಳಿಗೆ ಹೇಳಿಕೊಟ್ಟಿದ್ದೇನೆ. ತಲೆ ಮುಚ್ಚಿಕೋ, ಬಾಯಿಗೆ ಬಟ್ಟೆ ಕಟ್ಟಿಕೋ, ನೀರು ಗುಟುಕು ಗುಟುಕಾಗಿ ಕುಡಿ. ಪೀರನ ಬೆಟ್ಟ ಕಣ್ಣಿಗೆ ಬಿದ್ದ ಕೂಡಲೇ ಇಳಿ, ಕೈ ಮುಖ ತೊಳೆದು ಪ್ರಾರ್ಥನೆ ಹೇಳಿ, ಅಲ್ಲಿಂದ ನಡೆದುಕೊಂಡೇ ಹೋಗು. ಕಂಡ ಮೇಲೆ ಒಂದು ಮಾರು ಸವಾರಿ ಮಾಡಿದರೂ ಹರಕೆ ಸಲ್ಲುವುದಿಲ್ಲ. ಇದು ನಮ್ಮ ಅಜ್ಜಿಯರ ಕಾಲದಿಂದ ಬಂದದ್ದು, ಅವಳಿಗೂ ಗೊತ್ತಿದೆ.

ದೌಲತ್

*

ಯಜ್ದ್
30 ಫರ್ವರ್ದೀನ್ 1361

ಅಮ್ಮ,

ದಾರ ತಲುಪಿತು. ಅದನ್ನು ಹಿಡಿದು ಅಂಗಡಿಯ ಹಿಂದಿನ ಕೋಣೆಗೆ ಹೋದೆ. ಅಲ್ಲಿ ಮೆಹ್ರಬಾನನ ಸೈಕಲ್ ಗೋಡೆಗೆ ತೂಗಿದೆ. ನೀವು ಬೀದಿಗೆ ಎಸೆದ ದಿನ ಎತ್ತಿಕೊಂಡು ಬಂದದ್ದು. ಅದರ ಸೀಟನ್ನು ಅವನಿಗೆಂದು ಏರಿಸಿ ಬಿಗಿದ ಮೇಲೆ ಯಾರೂ ಮುಟ್ಟಿಲ್ಲ. ದಾರ ಹಿಡಿದು ನೋಡಿದೆ. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ.

ಅವಳಿಗೆ ಬೇರೆ ಸೈಕಲ್ ಹುಡುಕುತ್ತಿದ್ದೇನೆ. ತಫ್ತಿನಲ್ಲಿ ಒಬ್ಬ ಮುದುಕನ ಹತ್ತಿರ ಒಳ್ಳೆಯದೊಂದಿದೆಯಂತೆ.

ನೀವು ಕೇಳಿದ್ದಕ್ಕೆ ಉತ್ತರ. ಕೆಟ್ಟದ್ದು ಫ್ರೀವೀಲ್. ಮಣ್ಣು ಹೊಕ್ಕು ಕಚ್ಚಿಕೊಂಡಿತ್ತು. ನನ್ನ ತಪ್ಪು. ಈ ಸಲ ಹೊಸದು ಹಾಕುತ್ತೇನೆ, ಆ ಚಿಂತೆ ಬಿಡಿ.

ಅಮ್ಮ, ಅವಳಿಗೆ ಆ ದಾರಿ ಗೊತ್ತೇ? ಅರ್ಧ ದಾರಿಯಲ್ಲಿ ಕುಂಟಗುಡ್ಡ ಎಂದು ಒಂದು ಗುಡ್ಡ ಸಿಗುತ್ತದೆ. ಅದನ್ನು ಅವಳು ಯಾವತ್ತಾದರೂ ನೋಡಿದ್ದಾಳೆಯೇ? ಧೂಳಿನ ದಿನ ನೋಡಿದ್ದಾಳೆಯೇ? ಸುಮ್ಮನೆ ಕೇಳಿದೆ. ಟ್ರಾಕ್ಟರಿನಲ್ಲಿ ಹೋದರೆ ಎಲ್ಲರಿಗೂ ನೆಮ್ಮದಿ.

ಯದುಲ್ಲಾ

*

ಷರೀಫಾಬಾದ್
ಉರ್ದಿಬಿಹಿಶ್ತ್ ತಿಂಗಳು, ಆಬಾನ್ ದಿನ, 1361

ಯದುಲ್ಲಾ,

ನೀನು ಹುಡುಗನಾಗಿದ್ದಾಗ ನಮ್ಮ ಮನೆಯ ದಾಳಿಂಬೆ ಕದ್ದು, ಬಾಯೆಲ್ಲ ಕೆಂಪು ಮಾಡಿಕೊಂಡು ‘ನಾನಲ್ಲಮ್ಮ, ಇವ್ನು’ ಅಂತ ಮೆಹ್ರಬಾನನ ಕಡೆ ಬೆರಳು ತೋರಿಸುತ್ತಿದ್ದೆ. ಆಗಲೂ ನಿನಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮೂವತ್ತೈದು ದಾಟಿದರೂ ಬಂದಿಲ್ಲ.

ನಿನ್ನ ಎರಡೂ ಪತ್ರ ಎದುರಿಗಿಟ್ಟುಕೊಂಡಿದ್ದೇನೆ. ಮೊದಲನೆಯದರಲ್ಲಿ ಫ್ರೀವೀಲಿಗೆ ಮಣ್ಣು ಹೊಕ್ಕರೆ ಟಿಕ್ ಟಿಕ್ ಸದ್ದು ನಿಲ್ಲುತ್ತದೆ ಎಂದಿದ್ದೀಯ. ಎರಡನೆಯದರಲ್ಲಿ ಫ್ರೀವೀಲಿಗೆ ಮಣ್ಣು ಹೊಕ್ಕಿತ್ತು ಎಂದಿದ್ದೀಯ. ಹಾಗಾದರೆ ನನ್ನ ಓಣಿಯಲ್ಲಿ ಬರುವವನ ಸೈಕಲ್ ಸದ್ದು ಮಾಡುವುದು ಹೇಗೆ?

ಇದೊಂದಕ್ಕೆ ಉತ್ತರ ಕೊಡು. ಹುಚ್ಚಿ ಅನ್ನಬೇಡ, ಅದನ್ನು ಬೇರೆಯವರು ಅನ್ನುತ್ತಾರೆ.

ಫಿರೂಜೆ ಖುರ್ದಾದ್ ಇಪ್ಪತ್ನಾಲ್ಕಕ್ಕೆ ಹೊರಡುತ್ತಾಳೆ. ಕತ್ತೆದಾರಿಯಲ್ಲೇ. ನಾನು ಹಿಂದಿನ ದಿನವೇ ಟ್ರಾಕ್ಟರಿನಲ್ಲಿ ಹೋಗಿ ಪೀರನ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಕಂಡ ಕೂಡಲೇ ಇಳಿಯುತ್ತೇನೆಂದು ದೀಪ ಮುಟ್ಟಿ ಆಣೆ ಮಾಡಿದ್ದಾಳೆ. ಕುಂಟಗುಡ್ಡದ ಮಾತು ನೀನೇಕೆ ಎತ್ತಿದೆ?

ದೌಲತ್

*

ಯಜ್ದ್
16 ಉರ್ದಿಬಿಹಿಶ್ತ್ 1361

ಅಮ್ಮ,

ಆಣೆ ಮಾಡಿಸಿದ್ದೀರಿ ಎಂಬ ಮಾತು ಓದಿ, ಕೆಲಸ ಬಿಟ್ಟು ಬರೆಯಲು ಕೂತೆ. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ನಾನು ಮನುಷ್ಯನಲ್ಲ. ಕೂತುಕೊಂಡು ಓದಿ. ಹತ್ತಿರ ಯಾರನ್ನಾದರೂ ಕರೆದುಕೊಳ್ಳಿ.

ಆ ಸೈಕಲ್ಲಿನಲ್ಲಿ ಏನೂ ಕೆಟ್ಟಿರಲಿಲ್ಲ.

ಹುಡುಕಲು ಹೋದವರಲ್ಲಿ ನಾನೂ ಇದ್ದೆ. ಮೂರನೆಯ ದಿನ ಕುಂಟಗುಡ್ಡದ ಆಚೆ ಒಣಹಳ್ಳದಲ್ಲಿ ಅವನು ಸಿಕ್ಕ. ಸೈಕಲ್ಲನ್ನು ಬಂಡೆಗೆ ಒರಗಿಸಿ ನಿಲ್ಲಿಸಿದ್ದ, ಬಿಸಾಡಿರಲಿಲ್ಲ. ನಾನು ಮೊದಲು ಅವನ ಮುಖ ನೋಡಬೇಕಿತ್ತು. ಕಸುಬಿನ ಕೈ, ಮೊದಲು ಟಯರು ಹಿಸುಕಿತು. ಗಾಳಿ ಭರ್ತಿಯಿತ್ತು. ಹಿಂದಿನ ಚಕ್ರ ಎತ್ತಿ ಪೆಡಲು ತಿರುಗಿಸಿದೆ. ನೀರಿನ ಹಾಗೆ ತಿರುಗಿತು. ಕೈ ಬಿಟ್ಟೆ. ಟಿಕ್ ಟಿಕ್ ಅಂದಿತು. ಅವನ ಎರಡೂ ಬೂಟಿನ ತಳ ಸವೆದು ಹರಿದಿತ್ತು. ನೀರಿನ ತೊಗಲುಚೀಲ ಖಾಲಿಯಿತ್ತು. ಅರ್ಧ ದಾರಿಗೇ ಖಾಲಿಯಾಗುವಷ್ಟು ಚಿಕ್ಕದಲ್ಲ ಅದು, ನಾನೇ ತುಂಬಿಕೊಟ್ಟಿದ್ದೆ.

ಒಳ್ಳೆಯ ಸೈಕಲ್ಲನ್ನು ತಳ್ಳಿಕೊಂಡು ಅವನೇಕೆ ನಡೆದ? ಇದು ನನ್ನನ್ನು ತಿಂದುಹಾಕಿತು. ಮರುವರ್ಷ ಅದೇ ವಾರ ಅಲ್ಲಿಗೆ ಹೋಗಿ ಕೂತೆ. ಏನೂ ಹೊಳೆಯಲಿಲ್ಲ. ಮರುವರ್ಷವೂ ಹೋದೆ. ಮೂರನೆಯ ವರ್ಷ ನಾನು ಕೂತಿದ್ದಾಗಲೇ ಗಾಳಿ ಎದ್ದಿತು. ಧೂಳಿನೊಳಗೆ ಕುಂಟಗುಡ್ಡದ ಬುಡ ಕರಗಿತು. ಅದರ ತಗ್ಗಾದ ಕುಂಟು ಬದಿ ಮುಚ್ಚಿಹೋಯಿತು. ಮಿಕ್ಕದ್ದು ನೆತ್ತಿಯ ಕಚ್ಚು, ಎಡಗಡೆಯ ಭುಜ, ನಡುವೆ ಒಂದು ಕಪ್ಪು ಚುಕ್ಕೆ. ಅಮ್ಮ, ನೋಡಲು ಥೇಟ್ ಪೀರನ ಬೆಟ್ಟವೇ! ನಾನು ಎದ್ದು ನಿಂತುಬಿಟ್ಟೆ.

ಒಮ್ಮೆ ಮೆಹ್ರಬಾನ್ ನನ್ನನ್ನು ಲಾರಿದಾರಿಯಲ್ಲಿ ಪೀರನ ತನಕ ಕರೆದುಕೊಂಡು ಹೋಗಿದ್ದ, ಇಬ್ಬರೂ ಸೈಕಲ್ಲಿನಲ್ಲಿ. ಬೆಟ್ಟ ಕಂಡ ಕೂಡಲೇ ಇಳಿದ. ನಾನು ಮುಂದೆ ಹೋಗುತ್ತಿದ್ದೆ. ‘ಲೋ, ಇಳಿಯೋ! ಕಂಡ್ತಲ್ಲ, ಇನ್ನೂ ಏನು ಕತ್ತೆ ಥರ ತುಳೀತಿದ್ದೀಯ?’ ಎಂದು ಹಿಂದಿನಿಂದ ಕೂಗಿದ. ‘ನಾನು ಮುಸಲ್ಮಾನ ಕಣೋ, ನನಗ್ಯಾಕೆ’ ಅಂದೆ. ‘ಪೀರ್‌ಗೆ ಅದೆಲ್ಲಾ ಗೊತ್ತಾಗಲ್ಲ, ಇಳಿ’ ಅಂದ. ಇಳಿದೆ.

ಆ ದಿನ ಅವನಿಗೆ ಧೂಳಿನಲ್ಲಿ ಕುಂಟಗುಡ್ಡ ಕಂಡಿದೆ. ಪೀರನೇ ಕಂಡ ಎಂದು ಇಳಿದಿದ್ದಾನೆ. ಇನ್ನೇನು ತಲುಪಿದೆ ಎಂದು ಕುಡಿಯುವ ನೀರಿನಲ್ಲೇ ಕೈ ಮುಖ ತೊಳೆದು ಪ್ರಾರ್ಥನೆ ಮಾಡಿದ್ದಾನೆ. ಆಮೇಲೆ ನಡೆದಿದ್ದಾನೆ. ಅಲ್ಲಿಂದ ಪೀರನಿಗೆ ಇನ್ನೂ ಹದಿನೆಂಟು ಕಿಲೋಮೀಟರು. ಸೈಕಲ್ ಏರಿದ್ದರೆ ಎರಡು ಗಂಟೆಯ ದಾರಿ. ಬೆಟ್ಟ ಮರೆಯಾಗಿದೆ, ಕಂಡಿದೆ, ಮರೆಯಾಗಿದೆ. ಅವನು ಏರಲಿಲ್ಲ. ಕೊನೆಯವರೆಗೂ ಏರಲಿಲ್ಲ.

ನೀವು ಊರೆಲ್ಲರ ಎದುರು ‘ನಿನ್ನ ಸೈಕಲ್ ನನ್ನ ಮಗನ್ನ ಕೊಂದುಬಿಡ್ತು’ ಅಂದಾಗ ನನಗೆ ಇದೆಲ್ಲ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಸೈಕಲ್ ಚೆನ್ನಾಗಿದೆ ಎಂಬುದಷ್ಟೇ. ಆದರೂ ತಲೆಯಾಡಿಸಿದೆ. ನಿಮ್ಮ ಕೈಗೆ ಹಿಡಿದುಕೊಳ್ಳಲು ಏನಾದರೂ ಬೇಕಿತ್ತು. ಮೂರು ವರ್ಷದ ಮೇಲೆ ಕಾರಣ ತಿಳಿದಾಗ ಬಾಯಿ ಇನ್ನೂ ಬಿಗಿಯಿತು. ನೀವು ಜರತುಷ್ಟ್ರನ ಮತದವರು, ನಾನು ಮುಸಲ್ಮಾನ. ನಿಮ್ಮ ಪದ್ಧತಿಯೇ ನಿಮ್ಮ ಮಗನ ಜೀವ ತೆಗೆಯಿತು ಎಂದು ನಾನು ಯಾವ ಬಾಯಿಂದ ಹೇಳಲಿ? ಕೆಟ್ಟ ಸೈಕಲ್ ಕೊಟ್ಟವನು ಅನಿಸಿಕೊಳ್ಳುವುದು ಅದಕ್ಕಿಂತ ಹಗುರವಾಗಿತ್ತು. ನಿಮ್ಮ ಊರಿನಿಂದ ಒಬ್ಬ ಗಿರಾಕಿಯೂ ಬರದಿದ್ದರೆ ಬೇಡ ಎಂದುಕೊಂಡೆ.

ಈಗ ಯಾವ ಸೈಕಲ್ ಕೊಟ್ಟರೂ ಉಪಯೋಗವಿಲ್ಲ. ನಾನು ಬಂಗಾರದ ಸೈಕಲ್ ಮಾಡಿಕೊಟ್ಟರೂ ಅವಳು ಕುಂಟಗುಡ್ಡದಲ್ಲಿ ಇಳಿಯುತ್ತಾಳೆ. ಆಣೆ ಬಿಡಿಸಿ, ಅಮ್ಮ. ನನ್ನನ್ನು ಬೈಯಿರಿ, ಮುಖ ನೋಡಬೇಡಿ. ಆದರೆ ಆಣೆ ಬಿಡಿಸಿ.

ಯದುಲ್ಲಾ

*

ಷರೀಫಾಬಾದ್
ಖುರ್ದಾದ್ ತಿಂಗಳು, ತೀರ್ ದಿನ, 1361

ಮಗನೇ,

ನಿನ್ನ ಪತ್ರ ಬಂದು ಇಪ್ಪತ್ತು ದಿನದ ಮೇಲಾಯಿತು. ದಿನಾ ಪೆನ್ನು ಹಿಡಿಯುತ್ತೇನೆ, ಇಡುತ್ತೇನೆ. ಫಿರೂಜೆ ‘ಏನಮ್ಮಾ, ಹಾಳೆ ತಿಂತಿದ್ದೀಯಾ?’ ಅಂತ ಕೇಳಿದಳು.

ನಿನಗೊಂದು ಮಾತು ಹೇಳಬೇಕು. ಆ ಸೈಕಲ್ ಚೆನ್ನಾಗಿತ್ತೆಂದು ನನಗೆ ಗೊತ್ತಿತ್ತು.

ಅವನನ್ನು ಒಳಗೆ ಮಲಗಿಸಿದ್ದರು. ಸೈಕಲ್ಲನ್ನು ಅಂಗಳದಲ್ಲಿ ನಿಲ್ಲಿಸಿದ್ದರು. ಹೆಂಗಸರೆಲ್ಲ ಒಳಗೆ ಅಳುತ್ತಿದ್ದರು. ನಾನು ಹೊರಗೆ ಬಂದು ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೈಯಿಂದ ಪೆಡಲು ತಿರುಗಿಸಿದೆ. ಚಕ್ರ ತಿರುಗಿತು. ಕೈ ಬಿಟ್ಟೆ. ಟಿಕ್ ಟಿಕ್ ಅನ್ನುತ್ತಾ ತಿರುಗುತ್ತಲೇ ಇತ್ತು, ನಿಲ್ಲಲೇ ಇಲ್ಲ. ಸೈಕಲ್ಲಿನ ವಿದ್ಯೆ ನನಗೇನು ಗೊತ್ತು? ಆದರೆ ತಿರುಗುವ ಚಕ್ರ ಯಾವುದು, ತಿರುಗದ್ದು ಯಾವುದು ಅನ್ನುವುದು ಕುರಿಗೂ ಗೊತ್ತಾಗುತ್ತದೆ.

ಆಗಲೇ ನನಗೆ ಹೊಳೆಯಿತು, ಅವನೇಕೆ ನಡೆದನೆಂದು. ಕುಂಟಗುಡ್ಡ ನನಗೆ ಗೊತ್ತಿರಲಿಲ್ಲ. ಅವನ ಕಣ್ಣಿಗೆ ಏನೋ ಕಂಡಿದೆ, ಇಳಿದಿದ್ದಾನೆ, ಅಷ್ಟು ಗೊತ್ತಾಯಿತು. ಯಾಕೆಂದರೆ ಹೊರಡುವ ಬೆಳಗ್ಗೆ ಅವನು ಹೇಳಿದ್ದ, ‘ಅಮ್ಮಾ, ಗಾಳಿ ಕೆಟ್ಟದಾಗಿದೆ. ಈ ಸಲ ಮಾತ್ರ ಬೆಟ್ಟದ ಬುಡದ ತನಕ ತುಳ್ಕೊಂಡೇ ಹೋಗಿಬಿಡ್ಲಾ? ಬೇಗ ಮುಟ್ಟಿಸಿ ಬೇಗ ಬರ್ತೀನಿ.’ ನಾನು ಅವನ ಕೈ ಹಿಡಿದು ಎಳೆದುಕೊಂಡು ಹೋಗಿ, ಜ್ವರದಲ್ಲಿ ಬೇಯುತ್ತಿದ್ದ ಫಿರೂಜೆಯ ತಲೆ ಮೇಲೆ ಇಡಿಸಿದೆ. ‘ಕಂಡ ಮೇಲೆ ಒಂದು ಮಾರು ಸವಾರಿ ಮಾಡಿದ್ರೂ ಇವಳು ಉಳಿಯಲ್ಲ. ಆಣೆ ಮಾಡು’ ಅಂದೆ. ಮಾಡಿದ. ತಂಗಿಯ ತಲೆ ಸವರಿ ಹೋದ.

ಅವನು ಸೈಕಲ್ ಏರದೆ ತಳ್ಳಿಕೊಂಡು ಹೋದದ್ದು ಪೀರನಿಗಾಗಿ ಅಲ್ಲ ಕಣೋ. ಏರಿದರೆ ತಂಗಿ ಸಾಯುತ್ತಾಳೆಂದು.

ಇದನ್ನು ತಿಳಿದುಕೊಂಡು ನಾನು ಒಂದು ದಿನವೂ ಬದುಕುತ್ತಿರಲಿಲ್ಲ. ಅದಕ್ಕೇ ನೀನು ಅಂಗಳಕ್ಕೆ ಬಂದ ಕೂಡಲೇ ನಿನ್ನ ಮೇಲೆ ಬಿದ್ದೆ. ನೀನು ಇಲ್ಲ ಅನ್ನುತ್ತೀಯ, ಜಗಳವಾಡುತ್ತೀಯ, ಚಕ್ರ ತಿರುಗಿಸಿ ಎಲ್ಲರಿಗೂ ತೋರಿಸುತ್ತೀಯ ಅಂದುಕೊಂಡಿದ್ದೆ. ನೀನು ತಲೆಯಾಡಿಸಿಬಿಟ್ಟೆ. ಕಸುಬು ಗೊತ್ತಿರುವವನು, ನನಗೆ ಕಾಣದ ಯಾವುದೋ ದೋಷ ಇವನಿಗೆ ಕಂಡಿರಬೇಕು ಅಂದುಕೊಂಡೆ. ನಿನ್ನ ಆ ಒಂದು ತಲೆಯಾಡಿಸಿದ್ದರ ಮೇಲೆ ಹನ್ನೊಂದು ವರ್ಷ ಬದುಕಿದೆ. ಅದಕ್ಕೇ ಕೇಳಲಿಲ್ಲ. ಕೇಳಿದರೆ ನೀನೆಲ್ಲಿ ನಿಜ ಹೇಳಿಬಿಡುತ್ತೀಯೋ ಅಂತ.

ನಿನ್ನ ಗಿರಾಕಿ ಕಳೆದೆ, ಹೆಸರು ಕಳೆದೆ. ತಾಯಿ ಮಾಡುವ ಕೆಲಸವಲ್ಲ ಇದು. ಕ್ಷಮಿಸು ಅಂತ ಬರೆಯಲು ಕೈ ನಾಚುತ್ತದೆ, ಆದರೂ ಬರೆದಿದ್ದೇನೆ, ಓದಿಕೋ.

ಫಿರೂಜೆಯ ಆಣೆ ಬಿಡಿಸಿದೆ. ದೀಪದ ಮುಂದೆ ನಿಲ್ಲಿಸಿ ಬೇರೆ ಆಣೆ ಹಾಕಿಸಿದೆ. ಬೆಟ್ಟ ಕಂಡರೂ ಇಳಿಯಬಾರದು, ಗಾಳಿ ಬಂದರೂ ಇಳಿಯಬಾರದು, ಮುಂದಿನ ಚಕ್ರ ಪೀರನ ಮೆಟ್ಟಿಲಿಗೆ ತಾಗುವ ತನಕ ಇಳಿಯಬಾರದು. ಪೀರನಿಗೆ ಕೋಪ ಬಂದರೆ ನಾನು ಮೆಟ್ಟಿಲ ಮೇಲೇ ಕೂತಿರುತ್ತೇನಲ್ಲ, ನನ್ನ ಹತ್ತಿರ ಮಾತಾಡಲಿ. ಓರಗಿತ್ತಿ ‘ಇದೇನೇ, ಅಜ್ಜಿಯರ ಪದ್ಧತಿ ಮುರೀತೀಯಾ?’ ಅಂದಳು. ‘ಅಜ್ಜಿಯರಿಗೆ ಒಬ್ಬನ್ನ ಕೊಟ್ಟಾಯ್ತು, ಸಾಕು’ ಅಂದೆ.

ತಫ್ತಿನ ಮುದುಕನ ಸೈಕಲ್ ಬೇಡ. ಆ ಸೈಕಲ್ಲನ್ನೇ ಕಳಿಸು. ಅದರಲ್ಲಿ ಏನೂ ಕೆಟ್ಟಿಲ್ಲ ಎಂದು ನೀನೇ ಕೈಯಾರೆ ಬರೆದುಕೊಟ್ಟಿದ್ದೀಯ.

ನಿನ್ನ ಅಮ್ಮ,
ದೌಲತ್

*

ಯಜ್ದ್
18 ಖುರ್ದಾದ್ 1361

ಅಮ್ಮ,

ಅರ್ದಕಾನಿನ ತರಕಾರಿ ಲಾರಿಯಲ್ಲಿ ಸೈಕಲ್ ಕಳಿಸಿದ್ದೇನೆ. ಹೊಸ ಟಯರು, ಹೊಸ ಟ್ಯೂಬು. ಸೀಟಿನ ಬೋಲ್ಟು ಮುಟ್ಟಿಲ್ಲ. ಫ್ರೀವೀಲ್ ಕೂಡ ಹಳೆಯದೇ, ಅದನ್ನು ತೆಗೆಯಲು ಮನಸ್ಸು ಬರಲಿಲ್ಲ. ಪ್ರತಿ ವರ್ಷ ಬಿಚ್ಚಿ, ತೊಳೆದು, ಕೂರಿಸುತ್ತಿದ್ದೆ. ಯಾರಿಗೆಂದು ಆಗ ಗೊತ್ತಿರಲಿಲ್ಲ.

ಫಿರೂಜೆಗೆ ಹೇಳಿ: ನೀರು ಎರಡು ಚೀಲ, ಒಂದು ಕುಡಿಯಲು, ಒಂದು ಮುಟ್ಟದಿರಲು. ಬೆಳಕು ಹರಿಯುವಾಗಲೇ ಹೊರಡಲಿ. ಕುಂಟಗುಡ್ಡ ಎಡಕ್ಕೆ ಸಿಗುತ್ತದೆ, ಪೀರ್ ಬಲಕ್ಕೆ. ಎಡಕ್ಕೆ ಏನು ಕಂಡರೂ ತುಳಿಯುತ್ತಿರಲಿ.

ನೀವು ಕ್ಷಮೆಯ ಮಾತು ಬರೆದ ಸಾಲನ್ನು ನಾನು ಓದಲಿಲ್ಲ, ಬಿಟ್ಟು ಮುಂದಕ್ಕೆ ಹೋದೆ. ಇದು ನಿಮಗೆ ತಿಳಿದಿರಲಿ.

ಯದುಲ್ಲಾ

*

ಷರೀಫಾಬಾದ್
ತೀರ್ ತಿಂಗಳು, ಬಹ್ಮನ್ ದಿನ, 1361

ಯದುಲ್ಲಾ ಅಣ್ಣನಿಗೆ,

ನಾನು ಫಿರೂಜೆ. ಅಮ್ಮನ ಬೆರಳಿಗೆ ಬಾಣಲೆಯ ಎಣ್ಣೆ ಸಿಡಿದು ಬೊಬ್ಬೆ ಎದ್ದಿದೆ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಸೈಕಲ್ ವಾಪಸ್ ಕಳಿಸಲ್ಲವಂತೆ. ‘ಬೇಕಿದ್ರೆ ಬಂದು ತಗೊಂಡು ಹೋಗ್ಲಿ. ಬರೋ ಶುಕ್ರವಾರ ಎಣ್ಣೇಲಿ ಸಿರೋಗ್ ರೊಟ್ಟಿ ಕರೀತೀನಿ, ಬಿಸಿ ಇರುವಾಗ್ಲೇ ಬರಬೇಕು. ಬಂದು ಊರಿನವರ ಸೈಕಲ್ ಎಲ್ಲಾ ನೋಡಿ ಹೋಗ್ಲಿ, ಎಲ್ಲಾ ಕಿಲುಬು ಹಿಡಿದು ಸಾಯ್ತಿವೆ’ ಅನ್ನುತ್ತಾಳೆ. ಊರಿನವರಿಗೆಲ್ಲ ಎಲ್ಲವನ್ನೂ ಅವಳೇ ಹೇಳಿದಳು, ಬಾವಿಕಟ್ಟೆಯ ಹತ್ತಿರ ನಿಂತು, ಗಟ್ಟಿಯಾಗಿ. ನಾನು ತಡೆದರೂ ಬಿಡಲಿಲ್ಲ.

ಯಾತ್ರೆಯ ವಿಷಯ ನಿಮಗೆ ಬರೆಯಬೇಕು. ಬೇರೆ ಯಾರಿಗೂ ಹೇಳಿಲ್ಲ.

ಬೆಳಗ್ಗೆ ಗಾಳಿ ಇರಲಿಲ್ಲ. ಎರಡು ಗಂಟೆ ಹೋದ ಮೇಲೆ ಎದ್ದಿತು. ಅಮ್ಮ ಹೇಳಿದ ಹಾಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ತುಳಿದೆ. ಆಮೇಲೆ ಎಡಕ್ಕೆ ಧೂಳಿನಲ್ಲಿ ಬೆಟ್ಟ ಕಂಡಿತು. ಯದುಲ್ಲಾ ಅಣ್ಣ, ನೀವು ಬರೆದದ್ದೆಲ್ಲ ಓದಿದ್ದೆ, ಆದರೂ ಅದು ಪೀರ್ ಅಲ್ಲ ಎಂದು ನಂಬಲು ನನ್ನಿಂದ ಆಗಲಿಲ್ಲ. ಕಾಲು ತಾನಾಗಿಯೇ ನಿಂತಿತು. ಒಂದು ಕಾಲು ನೆಲಕ್ಕೆ ಊರಿಯೇಬಿಟ್ಟಿದ್ದೆ. ಹಿಂದೆ ಕ್ಯಾರಿಯರಿನಲ್ಲಿ ಎಣ್ಣೆ ಬಾಟಲಿ ಅಲುಗಿತು. ಅಮ್ಮನ ಮುಖ ನೆನಪಾಯಿತು. ‘ಅಯ್ಯೋ, ಏನಾದ್ರೂ ಆಗ್ಲಿ’ ಎಂದು ಮತ್ತೆ ಏರಿ ತುಳಿದೆ.

ಆಗ ಪಕ್ಕದಲ್ಲಿ ಸದ್ದು ಕೇಳಿಸಿತು. ಟಿಕ್ ಟಿಕ್, ಟಿಕ್ ಟಿಕ್. ನನ್ನ ಸೈಕಲ್ಲೇ ಇರಬೇಕೆಂದು ಇನ್ನೂ ಜೋರಾಗಿ ತುಳಿದೆ. ತುಳಿಯುವಾಗ ಸದ್ದು ಬರಬಾರದಲ್ಲ. ನನ್ನದು ಸುಮ್ಮನಿತ್ತು. ಪಕ್ಕದ್ದು ನಿಲ್ಲಲಿಲ್ಲ. ಯಾರೋ ಸೈಕಲ್ ತಳ್ಳಿಕೊಂಡು ನಡೆಯುವ ಸದ್ದು. ಆದರೆ ನಾನು ಅಷ್ಟು ಜೋರಾಗಿ ಹೋಗುತ್ತಿದ್ದರೂ ಹಿಂದೆ ಬೀಳಲಿಲ್ಲ. ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೆದರಿಕೆ ಹೋಯಿತು. ನಿಜವಾದ ಬೆಟ್ಟ ಬಲಕ್ಕೆ ಕಂಡಾಗಲೂ ಇಳಿಯಲಿಲ್ಲ. ‘ಅಣ್ಣ, ನಾನು ಉಳಿದೆ ಕಣೋ, ನೋಡು. ಇನ್ನು ನೀನು ಏರಬಹುದು’ ಎಂದು ಗಟ್ಟಿಯಾಗಿ ಹೇಳಿದೆ. ಹೇಳಿದ ಮೇಲೆ ಟಿಕ್ ಟಿಕ್ ನಿಂತುಹೋಯಿತು. ಅಲ್ಲಿಂದ ಮೆಟ್ಟಿಲ ತನಕ ಬರೀ ಟಯರಿನ ಸದ್ದು ಕೇಳಿಸುತ್ತಿತ್ತು.

ಮುಂದಿನ ಚಕ್ರ ಮೆಟ್ಟಿಲಿಗೆ ತಾಗಿದ ಮೇಲೆ ಇಳಿದೆ. ಅಮ್ಮ ಅಲ್ಲೇ ಕೂತಿದ್ದಳು. ಎದ್ದು ನನ್ನ ಮುಖದ ಧೂಳು ಒರೆಸಲಿಲ್ಲ, ನೀರು ಬೇಕಾ ಎಂದು ಕೇಳಲಿಲ್ಲ. ನನ್ನ ಭುಜದ ಮೇಲಿಂದ ಹಿಂದಕ್ಕೆ, ದಾರಿಯ ಕಡೆ ನೋಡುತ್ತಾ, ‘ಇಬ್ರೂ ಬಂದ್ರಾ?’ ಎಂದಳು.

ಬಂದ್ವಿ ಅಮ್ಮಾ, ಅಂದೆ.

ನಿಮ್ಮ ತಂಗಿ,
ಫಿರೂಜೆ